ರೈಲಿಲ್ಲದ ಊರಿನ ಮಕ್ಕಳ ರೈಲು

ಬೇಸಿಗೆಯ ರಜೆ ಬಂದಿತೆಂದರೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಒಂದು ಬಗೆಯ ಪ್ರಯಾಣಿಕರನ್ನು ಸುಲಭವಾಗಿ ಗುರುತಿಸಬಹುದು. ತಂದೆಯ ಕೈಯಲ್ಲಿ ಬುತ್ತಿಯ ಚೀಲ, ತಾಯಿಯ ಹೆಗಲಲ್ಲಿ ನೀರಿನ ಬಾಟಲಿ, ಹೊಸ ಅಂಗಿ ತೊಟ್ಟ ಇಬ್ಬರು ಮಕ್ಕಳು, ಅವರ ಹಿಂದೆ ಊರುಗೋಲು ಹಿಡಿದ ಅಜ್ಜ. ಹನೂರಿನಿಂದ ಮೊದಲ ಬಸ್ಸಿಗೆ ಬಂದವರೂ ಅಲ್ಲಿ ಬಂದು ಕೂಡಿಕೊಳ್ಳುತ್ತಾರೆ. ಯಳಂದೂರಿನವರು ಹಿಡಿಯುವ ಬಸ್ಸು ಬೇರೆ, ಆದರೆ ಗುರಿ ಒಂದೇ: ಮೈಸೂರು. ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದರೆ ಕಿರಿಯರ ಬಾಯಲ್ಲಿ ಮಾತ್ರ ಒಂದೇ ಮಾತು: "ರೈಲಿನಲ್ಲಿ ಕೂರಿಸುತ್ತೀರಲ್ಲವೆ?"

ಅವರು ಕೇಳುವ ರೈಲು ದೂರದೂರಿಗೆ ಹೋಗುವ ರೈಲಲ್ಲ. ಮೈಸೂರಿನ ರೈಲು ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಯುವ ಪುಟ್ಟ ಗಾಡಿ ಅದು. ಹೊರಟ ಜಾಗಕ್ಕೇ ಮರಳಿ ಬರುವ, ಯಾರನ್ನೂ ಎಲ್ಲಿಗೂ ತಲುಪಿಸದ ರೈಲು. ದೊಡ್ಡ ನಗರದ ಮಕ್ಕಳಿಗೆ ಅದೊಂದು ಆಟಿಕೆ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಎಷ್ಟೋ ಮಕ್ಕಳಿಗೆ ಅದೇ ಮೊದಲ ರೈಲು. ಹಳಿ ಎಂದರೇನು, ಬೋಗಿ ಎಂದರೇನು, ಹಸಿರು ಬಾವುಟ ಬೀಸಿದರೆ ಏನಾಗುತ್ತದೆ ಎಂಬುದನ್ನು ಅವರು ಮೊದಲು ಕಲಿಯುವುದು ಅಲ್ಲಿಯೇ.

ಸಂಜೆ ಹಿಂದಿರುಗುವ ಬಸ್ಸಿನಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯುವುದುಂಟು. "ಹೊಗೆಯಿಲ್ಲದ, ಸಿಳ್ಳೆಯಿಲ್ಲದ ರೈಲೂ ಒಂದು ರೈಲೇ?" ಎಂದು ಅಜ್ಜ ಮೂಗು ಮುರಿಯುತ್ತಾರೆ. "ಮಸಿ ಹತ್ತುವುದಿಲ್ಲ, ಕಿಡಿ ಹಾರುವುದಿಲ್ಲ, ಮಕ್ಕಳಿಗೆ ಇದೇ ಕ್ಷೇಮ" ಎಂದು ತಾಯಿಯ ವಾದ. ಇನ್ನೂ ವೇಗವಾಗಿ ಓಡಬೇಕೆಂದು ಹುಡುಗನ ಆಸೆ. ಕಿಟಕಿ ಇನ್ನಷ್ಟು ದೊಡ್ಡದಾಗಿರಬೇಕೆಂದು ಹುಡುಗಿಯ ಬೇಡಿಕೆ. ಟಿ. ನರಸೀಪುರದ ಸೇತುವೆ ದಾಟುವ ಹೊತ್ತಿಗೆ ಗಾಡಿಯ ಬಣ್ಣ, ಆಸನ, ಬಾಗಿಲು ಎಲ್ಲವೂ ಪುನರ್ವಿಮರ್ಶೆಗೆ ಒಳಗಾಗಿರುತ್ತವೆ.

ಇದು ಕೇವಲ ಕಾಲಹರಣದ ಮಾತೆಂದು ತಳ್ಳಿಹಾಕುವಂತಿಲ್ಲ. ಜಗತ್ತಿನ ಅತಿ ಪ್ರಸಿದ್ಧ ವಿಹಾರೋದ್ಯಾನಗಳ ಅಭಿಮಾನಿಗಳು ತಮ್ಮ ಪ್ರೀತಿಯ ಒಂಟಿಹಳಿ ರೈಲಿನ ಬಗೆಗೆ ಆರು ದಶಕಗಳಿಂದಲೂ ಇದೇ ವಾದವನ್ನು ಇಷ್ಟೇ ಕಾವಿನಿಂದ ನಡೆಸುತ್ತ ಬಂದಿದ್ದಾರೆ. ಹಳೆಯದರಲ್ಲಿ ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಹಳಿ ಬಾರದ ಮೂರು ತಾಲ್ಲೂಕುಗಳು

ಈ ಮೂರು ತಾಲ್ಲೂಕುಗಳಿಗೆ ರೈಲಿನ ಮೇಲೆ ಇಷ್ಟು ಮೋಹವೇಕೆ ಎಂಬುದಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ. ರೇಷ್ಮೆ ಸೀರೆಗಳಿಗೆ ಹೆಸರಾದ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನದೇ ಭಾಗ. ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಕೂಗಳತೆಯ ಯಳಂದೂರು ಮಾತ್ರ ಮೈಸೂರು ಸೀಮೆಗೆ ಸೇರಿದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು. ಹೀಗೆ ಒಂದೇ ನುಡಿ, ಒಂದೇ ನೀರು, ಒಂದೇ ಜಾತ್ರೆಗಳ ಜನರ ನಡುವೆ ಎರಡು ಆಡಳಿತಗಳ ಗಡಿ ಹಾದುಹೋಗಿತ್ತು.

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಕಪಿಲೆಯನ್ನು ದಾಟಲು ಆ ರೈಲಿಗೆ ಹೊಸ ಸೇತುವೆಯ ಅಗತ್ಯವೂ ಬೀಳಲಿಲ್ಲ. 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಮೇಲೆಯೇ ಹಳಿ ಹಾಕಲಾಯಿತು. ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆ ಉಗಿಬಂಡಿಯನ್ನು ಒಂದು ಶತಮಾನಕ್ಕೂ ಮಿಗಿಲಾಗಿ ಹೊತ್ತಿತು. ಅಗಲ ಹಳಿ ಬಂದಾಗ ಮಾತ್ರ ಅದಕ್ಕೆ ವಿಶ್ರಾಂತಿ ದೊರೆಯಿತು. ಆ ಮಾರ್ಗ 1926ರಲ್ಲಿ ಚಾಮರಾಜನಗರವನ್ನು ಮುಟ್ಟಿತು. ಅಲ್ಲಿಗೆ ನಿಂತಿತು.

ಮುಂದಿನ ದಾರಿಯ ಕನಸುಗಳಿಗೆ ಮಾತ್ರ ಕೊರತೆಯಿಲ್ಲ. ಚಾಮರಾಜನಗರದಿಂದ ಸತ್ಯಮಂಗಲದ ಮೂಲಕ ಮೆಟ್ಟುಪಾಳಯಕ್ಕೆ ಹಳಿ ಬೇಕೆಂಬ ಬೇಡಿಕೆ ಬಹಳ ಹಳೆಯದು. ಆದರೆ ದಾರಿಯಲ್ಲಿರುವುದು ಆನೆ ಹುಲಿಗಳ ದಟ್ಟ ಕಾಡು. ಬಿಳಿಗಿರಿರಂಗನ ಬೆಟ್ಟದ ಅರಣ್ಯ 2011ರಲ್ಲಿಯೂ, ಸತ್ಯಮಂಗಲದ ಅರಣ್ಯ 2013ರಲ್ಲಿಯೂ ಹುಲಿಗಳ ರಕ್ಷಿತ ತಾಣಗಳಾದವು. ಕಾಡಿನ ಮೌನವನ್ನು ಕಲಕಿ ಹಳಿ ಹಾಕುವುದು ಸರಿಯೇ ಎಂಬ ಪ್ರಶ್ನೆಯನ್ನು ಯಾರೂ ಹಗುರವಾಗಿ ಕಾಣಲಾರರು. ಬೆಂಗಳೂರಿನ ಬಳಿಯ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೂಲಕ ಚಾಮರಾಜನಗರ ಸೇರುವ, ಸುಮಾರು 142 ಕಿಲೋಮೀಟರಿನ ಮತ್ತೊಂದು ಮಾರ್ಗದ ಯೋಜನೆಯೂ ಉಂಟು. ಕಾಗದದ ಮೇಲೆ ಕೊಳ್ಳೇಗಾಲಕ್ಕೆ ನಿಲ್ದಾಣವಿದೆ. ನೆಲದ ಮೇಲೆ ಅದಿನ್ನೂ ಮೂಡಿಲ್ಲ.

ಕಂದರಕ್ಕೆ ಇಳಿಯುವ ಟ್ರಾಲಿ

ಹಾಗೆಂದು ಹಳಿಯ ಮೇಲಿನ ವಾಹನವೇ ಈ ಸೀಮೆಗೆ ಅಪರಿಚಿತವೆನ್ನುವಂತಿಲ್ಲ. ಕೊಳ್ಳೇಗಾಲದಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಕಾವೇರಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುತ್ತಾಳೆ. ಆ ಧುಮುಕುವ ನೀರಿನ ಬಲದಿಂದ ವಿದ್ಯುತ್ತು ತೆಗೆಯುವ ಶಿವನಸಮುದ್ರದ ಯೋಜನೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, 1902ರ ಜೂನ್ ತಿಂಗಳಲ್ಲಿ ಫಲಕ್ಕೆ ಬಂದಿತು. ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಇಲ್ಲಿಂದ ತಂತಿಯ ಮೂಲಕ ವಿದ್ಯುತ್ತು ಹರಿಯಿತು. ಅಂದಿನ ಕಾಲಕ್ಕೆ ಅದು ಜಗತ್ತೇ ಬೆರಗಾಗುವ ದೂರ. ಬೆಂಗಳೂರಿನ ಬೀದಿದೀಪ ಬೆಳಗಿದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ.

ಯಂತ್ರಗಾರವಿರುವುದು ಆಳವಾದ ಕಂದರದಲ್ಲಿ. ಮೇಲಿನ ದಂಡೆಯಿಂದ ಅಲ್ಲಿಗೆ ಆಳುಗಳನ್ನೂ ಸಾಮಾನುಗಳನ್ನೂ ಇಳಿಸಲು ಕಡಿದಾದ ಇಳಿಜಾರಿನಲ್ಲಿ ಹಳಿಗಳನ್ನು ಹಾಕಿ, ಉಕ್ಕಿನ ಹಗ್ಗದಿಂದ ಎಳೆಯುವ ಟ್ರಾಲಿಯನ್ನು ಅಳವಡಿಸಿದರು. ಅನುಮತಿ ಪಡೆದ ಸಂದರ್ಶಕರು ಅದರಲ್ಲಿ ಕುಳಿತು ಕೆಳಗಿಳಿಯುತ್ತಿದ್ದ ಕಾಲವೊಂದಿತ್ತು. ಬೆನ್ನು ಹಿಂದಕ್ಕೆ ಒತ್ತಿ, ಪಕ್ಕದ ಕಂಬಿಯನ್ನು ಬಿಗಿಹಿಡಿದು, ಎದುರಿನ ಪ್ರಪಾತವನ್ನು ನೋಡುತ್ತ ಇಳಿದ ಆ ಕೆಲವು ನಿಮಿಷಗಳನ್ನು ಸೀಮೆಯ ಹಿರಿಯರು ಇಂದಿಗೂ ಮೊಮ್ಮಕ್ಕಳಿಗೆ ಬಣ್ಣಿಸುವುದುಂಟು. ವಿಹಾರೋದ್ಯಾನಗಳು ಇಂದು ಕೋಟಿ ಕೋಟಿ ಸುರಿದು ಹುಟ್ಟಿಸುವ ರೋಮಾಂಚವನ್ನು ಶಿವನಸಮುದ್ರ ಕೆಲಸದ ನಡುವೆಯೇ ಉಚಿತವಾಗಿ ನೀಡಿತ್ತು.

ಇಲ್ಲೊಂದು ವಿಚಿತ್ರವಿದೆ. ಇಂದಿನ ವಿದ್ಯುತ್ ರೈಲುಗಳಿಗೂ, ಒಂಟಿಹಳಿ ಗಾಡಿಗಳಿಗೂ, ಪುಟಾಣಿ ರೈಲಿನ ಬ್ಯಾಟರಿಗೂ ಜೀವಾಳವಾದ ಆ ಶಕ್ತಿಯನ್ನು ನಾಡಿಗೆ ಮೊದಲು ಹಂಚಿದ ಸೀಮೆಯ ಮಗ್ಗುಲಲ್ಲೇ ರೈಲು ಕಾಣದ ತಾಲ್ಲೂಕುಗಳು ಉಳಿದುಕೊಂಡವು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೈಸೂರಿನ ಅಂಗಳದಲ್ಲಿ

ರೈಲಿನ ಈ ಹಸಿವನ್ನು ತಣಿಸುವ ಜಾಗವೇ ಮೈಸೂರು ರೈಲು ನಿಲ್ದಾಣಕ್ಕೆ ಸಮೀಪದಲ್ಲಿರುವ ವಸ್ತುಸಂಗ್ರಹಾಲಯ. 1979ರಲ್ಲಿ ಸ್ಥಾಪನೆಯಾದ ಇದು ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದ ತರುವಾಯ ದೇಶದಲ್ಲಿ ತಲೆಯೆತ್ತಿದ್ದು. ಮಹಾರಾಣಿಯವರು ಪ್ರಯಾಣಿಸುತ್ತಿದ್ದ, 1899ರ ಸುಮಾರಿನ ವೈಭವದ ಬೋಗಿ ಇಲ್ಲಿದೆ. ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಮೋಟಾರು ಕಾರು ಇದೆ. ಕೆಲಸದಿಂದ ನಿವೃತ್ತವಾದ ಉಗಿಯಂತ್ರಗಳು ಮರಗಳ ನೆರಳಿನಲ್ಲಿ ನಿಂತಿವೆ. ಮಕ್ಕಳು ಅವುಗಳ ಚಕ್ರವನ್ನು ಮುಟ್ಟಿ, ತಮ್ಮ ಎತ್ತರಕ್ಕೆ ಹೋಲಿಸಿ ನೋಡಿ, ಕೊನೆಗೆ ಪುಟ್ಟ ರೈಲಿನ ಸರದಿಯಲ್ಲಿ ಹೋಗಿ ನಿಲ್ಲುತ್ತಾರೆ.

ಬೆಂಗಳೂರಿನ ಕಬ್ಬನ್ ಉದ್ಯಾನದ ಬಾಲಭವನದಲ್ಲಿ ಓಡುವ 'ಪುಟಾಣಿ ಎಕ್ಸ್‌ಪ್ರೆಸ್' ಇದೇ ಬಳಗದ ಹಿರಿಯಣ್ಣ. ದುರಸ್ತಿಗಾಗಿ ಅದು ನಿಂತಾಗಲೆಲ್ಲ ನಗರದ ಹಿರಿಯರೂ ಮರುಗಿದ್ದಾರೆ, ಮತ್ತೆ ಹೊರಟಾಗ ತಮ್ಮ ಬಾಲ್ಯವೇ ಮರಳಿತೆಂಬಂತೆ ಹಿಗ್ಗಿದ್ದಾರೆ. ಅದರ ಗಾಡಿ ಬದಲಾಗಬಹುದು, ಹಳಿ ಬದಲಾಗಬಹುದು. ಹೆಸರು ಬದಲಾದರೆ ಮಾತ್ರ ಜನ ಸಹಿಸಲಾರರು. ಪುಟ್ಟ ರೈಲಿನ ಮೇಲೆ ದೊಡ್ಡವರು ಹೂಡುವ ಹಕ್ಕು ಇಂಥದು.

ಒಂಟಿ ಹಳಿಯ ಬೆಡಗು

ಅಮೆರಿಕದ ಚಲಚ್ಚಿತ್ರ ನಿರ್ಮಾಪಕ ವಾಲ್ಟ್ ಡಿಸ್ನಿ ಕ್ಯಾಲಿಫೋರ್ನಿಯದ ಅನಾಹೈಮಿನಲ್ಲಿ 'ಡಿಸ್ನಿಲ್ಯಾಂಡ್' ಎಂಬ ವಿಹಾರೋದ್ಯಾನವನ್ನು ತೆರೆದದ್ದು 1955ರಲ್ಲಿ. ಜರ್ಮನಿಯ ಕಲೋನ್ ನಗರದ ಹತ್ತಿರ ಪರೀಕ್ಷೆಗೆಂದು ಓಡಿಸುತ್ತಿದ್ದ ಆಲ್ವೆಗ್ ಸಂಸ್ಥೆಯ ಒಂಟಿಹಳಿ ರೈಲನ್ನು ಕಂಡು ಆತ ಮಾರುಹೋದ. ಆಲ್ವೆಗ್ ಎಂಬುದು ಅದರ ಹಿಂದಿದ್ದ ಸ್ವೀಡನ್ನಿನ ಉದ್ಯಮಿ ಆಕ್ಸೆಲ್ ಲೆನಾರ್ಟ್ ವೆನರ್-ಗ್ರೆನ್ ಅವರ ಹೆಸರಿನ ಅಕ್ಷರಗಳಿಂದಲೇ ಕಟ್ಟಿದ ಪದ. 1959ರ ಜೂನ್ 14ರಂದು ಡಿಸ್ನಿಲ್ಯಾಂಡಿನಲ್ಲಿ ಮಾನೊರೈಲು ಓಡಿತು. ಅಂದಿನ ಅಮೆರಿಕದ ಉಪರಾಷ್ಟ್ರಪತಿ ರಿಚರ್ಡ್ ನಿಕ್ಸನ್ ಕುಟುಂಬಸಹಿತರಾಗಿ ಉದ್ಘಾಟನೆಗೆ ಬಂದಿದ್ದರು.

ಇದರ ತಂತ್ರ ಸರಳವೂ ಸೊಗಸೂ ಆದುದು. ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ ಕಾಂಕ್ರೀಟಿನ ಒಂದೇ ತೊಲೆ ಉದ್ದಕ್ಕೆ ಸಾಗುತ್ತದೆ. ಕುದುರೆಯ ಬೆನ್ನ ಮೇಲೆ ಸವಾರ ಕಾಲು ಇಳಿಬಿಟ್ಟು ಕುಳಿತಂತೆ ಗಾಡಿ ಆ ತೊಲೆಯ ಮೇಲೆ ಕುಳಿತಿರುತ್ತದೆ. ಭಾರ ಹೊರುವ ರಬ್ಬರು ಚಕ್ರಗಳು ತೊಲೆಯ ನೆತ್ತಿಯ ಮೇಲೆ ಉರುಳಿದರೆ, ಎರಡು ಮಗ್ಗುಲನ್ನೂ ಅಡ್ಡಚಕ್ರಗಳು ಅಪ್ಪಿಕೊಂಡು ಗಾಡಿಯನ್ನು ವಾಲದಂತೆ ಕಾಯುತ್ತವೆ. ವಿದ್ಯುತ್ತು ತೊಲೆಯ ಪಕ್ಕದ ಲೋಹದ ಪಟ್ಟಿಯಿಂದ ದೊರೆಯುತ್ತದೆ. ಉಕ್ಕಿಗೆ ಉಕ್ಕು ಉಜ್ಜುವ ಸದ್ದಿಲ್ಲ, ಹೊಗೆಯಿಲ್ಲ, ರಸ್ತೆ ದಾಟುವ ಜಂಜಡವಿಲ್ಲ. ಕೆಳಗೆ ಹೂದೋಟ, ಮೇಲೆ ಆಕಾಶ, ನಡುವೆ ತೇಲಿದಂಥ ಪಯಣ.

ಬಾಬ್ ಗರ್ ಎಂಬ ವಿನ್ಯಾಸಕಾರ ಮೊದಲ ಗಾಡಿಗೆ ಕೊಟ್ಟ ಮೊನಚು ಮೂತಿ, ಚಾಲಕನ ತಲೆಯ ಮೇಲಿನ ಗಾಜಿನ ಗುಮ್ಮಟ ಅಂದಿನವರಿಗೆ ನಾಳೆಯ ಲೋಕದ ಚಿತ್ರವಾಗಿಯೇ ಕಂಡಿತು. ಆದರೆ ನಾಳೆ ಎಂಬುದು ಬಹು ಬೇಗ ನಿನ್ನೆಯಾಗುತ್ತದೆ. ಗಾಡಿಗಳು ಸವೆದವು, ಹೊಸ ಮಾದರಿಗಳು ಬಂದವು. 1961ರಲ್ಲಿ ಎರಡನೆಯ ಮಾದರಿ, ಆ ದಶಕದ ಕೊನೆಯಲ್ಲಿ ಮೂರನೆಯದು, 1987ರಲ್ಲಿ ಐದನೆಯದು, 2008ರಲ್ಲಿ ಏಳನೆಯದು ಅನಾಹೈಮಿನ ತೊಲೆಯನ್ನೇರಿದವು. 1971ರ ಅಕ್ಟೋಬರಿನಲ್ಲಿ ತೆರೆದ ಫ್ಲೋರಿಡದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕನೆಯ ಮಾದರಿ ಓಡಿತು. 1989ರಿಂದ ಆರನೆಯ ಮಾದರಿ ಅದರ ಜಾಗಕ್ಕೆ ಬಂದಿತು. ಅಲ್ಲಿನ ಗಾಡಿಗಳಿಗೆ ಅಂಕಿಗಳಲ್ಲ, ಬಣ್ಣಗಳೇ ಹೆಸರು. ಅಭಿಮಾನಿಗಳು ಹಟ್ಟಿಯ ದನಗಳನ್ನು ಗುರುತಿಸುವಂತೆ ಅವುಗಳನ್ನು ಬಣ್ಣದಿಂದ ಹೆಸರಿಸಿ ಕರೆಯುತ್ತಾರೆ.

ಪ್ರತಿ ಬದಲಾವಣೆಯೂ ಅವರಲ್ಲಿ ಎರಡು ಪಕ್ಷಗಳನ್ನು ಹುಟ್ಟಿಸುತ್ತದೆ. ಹಳೆಯ ಗಾಡಿಯನ್ನು ರಿಪೇರಿ ಮಾಡಿ ಉಳಿಸಿಕೊಳ್ಳಬೇಕೆನ್ನುವವರು ಒಂದು ಕಡೆ, ಬಾಗಿಲು ಕಚ್ಚಿಕೊಳ್ಳುವ, ಆಸನ ಹರಿದ ಗಾಡಿಗಿಂತ ಹೊಸತೇ ಲೇಸೆನ್ನುವವರು ಇನ್ನೊಂದು ಕಡೆ. ಏಳನೆಯ ಮಾದರಿಯನ್ನು ರೂಪಿಸಿದವರು ಈ ಜಗಳಕ್ಕೆ ಜಾಣ ಉತ್ತರವನ್ನೇ ಕಂಡುಕೊಂಡರು: ಒಳಗಿನ ಯಂತ್ರ ಹೊಸದು, ಹೊರಗಿನ ರೂಪ ಮಾತ್ರ 1959ರ ಗಾಡಿಯನ್ನು ನೆನಪಿಗೆ ತರುವಂಥದು. ಆದರೆ ಸೊಬಗು ಸೆಕೆಯನ್ನು ತಡೆಯಲಾರದು. ಹವಾನಿಯಂತ್ರಣವಿಲ್ಲದ ಆ ಗಾಡಿಗಳನ್ನು ಬಿಸಿಲು ಮಿತಿಮೀರಿದ ದಿನಗಳಲ್ಲಿ ಓಡಿಸದೆ ನಿಲ್ಲಿಸುವುದುಂಟು.

ಮುಂದಿನ ಕಿಟಕಿಯ ಬೆಲೆ

ಈ ವಾದದಲ್ಲಿ ನಗು ಮಾಯವಾದ ದಿನವೊಂದಿದೆ. ಫ್ಲೋರಿಡದ ಗಾಡಿಗಳಲ್ಲಿ ಚಾಲಕನ ಪಕ್ಕದಲ್ಲಿ ಕೂರಲು ಕೆಲವೇ ಪ್ರಯಾಣಿಕರಿಗೆ ಅವಕಾಶವಿತ್ತು. ಮುಂದಿನ ವಿಶಾಲ ಗಾಜಿನಲ್ಲಿ ತೊಲೆ ತನ್ನತ್ತಲೇ ಹರಿದು ಬರುವುದನ್ನು ಕಾಣುವ ಆ ಆಸನಕ್ಕಾಗಿ ಮಕ್ಕಳು ಎಷ್ಟು ಹೊತ್ತಾದರೂ ಕಾಯುತ್ತಿದ್ದರು. 2009ರ ಜುಲೈ 5ರ ನಸುಕಿನಲ್ಲಿ ಒಂದು ಗಾಡಿ ಹಿಮ್ಮುಖವಾಗಿ ಚಲಿಸಿ ನಿಲ್ದಾಣದಲ್ಲಿದ್ದ ಇನ್ನೊಂದಕ್ಕೆ ಬಡಿಯಿತು. ತರುಣ ಚಾಲಕನೊಬ್ಬ ಪ್ರಾಣ ಕಳೆದುಕೊಂಡ. ಅಂದಿನಿಂದ ಮುಂದಿನ ಆಸನ ಪ್ರಯಾಣಿಕರಿಗೆ ಮುಚ್ಚಿಹೋಯಿತು. ಮುಂದಿನ ವರ್ಷಗಳಲ್ಲಿ ಗಾಡಿಗಳನ್ನು ಯಂತ್ರವೇ ನಿಯಂತ್ರಿಸುವ ವ್ಯವಸ್ಥೆಯೂ ಬಂದಿತು.

ಆ ಆಸನವನ್ನು ನೆನೆದು ಹಲುಬುವ ಅಭಿಮಾನಿಗಳು ಇಂದಿಗೂ ಇದ್ದಾರೆ. ಅವರ ಹಳಹಳಿ ಸುಳ್ಳಲ್ಲ. ಆದರೆ ಒಂದು ತಾಯಿಯ ಮಗ ಮನೆಗೆ ಮರಳಲಿಲ್ಲ ಎಂಬುದರ ಮುಂದೆ ಒಂದು ಕಿಟಕಿಯ ನೋಟ ಎಷ್ಟರದು? ಹೊಸತನದ ಗುಣಾವಗುಣಗಳನ್ನು ಅಳೆಯುವ ತಕ್ಕಡಿ ಇಲ್ಲಿ ಸಿಗುತ್ತದೆ. ಬಣ್ಣವನ್ನೂ ಮೂತಿಯನ್ನೂ ಕುರಿತು ನೂರು ಮಾತಾಡಬಹುದು. ಜೀವದ ವಿಷಯದಲ್ಲಿ ಎರಡು ಮಾತಿಲ್ಲ.

ಎತ್ತು ಎಳೆದ ಮಾನೊರೈಲು

ಮಾನೊರೈಲು ಎಂದೊಡನೆ ಅದು ಅಮೆರಿಕದ ಬೆಡಗೆಂದು ತಿಳಿಯುವವರೇ ಹೆಚ್ಚು. ಆದರೆ ಡಿಸ್ನಿಗಿಂತ ಅರ್ಧ ಶತಮಾನಕ್ಕೂ ಮೊದಲೇ ಭಾರತದಲ್ಲಿ ಒಂಟಿಹಳಿ ಗಾಡಿ ಓಡಿತ್ತು. 1902ರಲ್ಲಿ, ಅಂದರೆ ಶಿವನಸಮುದ್ರದ ದೀಪ ಹೊತ್ತಿದ ವರ್ಷದಲ್ಲಿಯೇ, ಇಂದಿನ ಕೇರಳದ ಮುನ್ನಾರಿನ ಬಳಿಯ ಕುಂಡಲ ಕಣಿವೆಯಲ್ಲಿ ಟೀ ಸಾಗಿಸಲು ಇಂಥದೊಂದು ಮಾರ್ಗ ಸಿದ್ಧವಾಯಿತು. ಭಾರದ ಬಹುಪಾಲನ್ನು ನೆಲದ ಮೇಲಿನ ಒಂದೇ ಹಳಿ ಹೊರುತ್ತಿತ್ತು. ಸಮತೋಲಕ್ಕೆಂದು ಪಕ್ಕದಲ್ಲಿದ್ದ ದೊಡ್ಡ ಚಕ್ರವೊಂದು ರಸ್ತೆಯ ಮೇಲೆ ಉರುಳುತ್ತಿತ್ತು. ಎಳೆಯುತ್ತಿದ್ದುದು ಎತ್ತುಗಳು. 1908ರಲ್ಲಿ ಅದನ್ನು ತೆಗೆದು ಕಿರಿದಾದ ಜೋಡಿಹಳಿಯ ರೈಲು ಹಾಕಿದರು. 1924ರ ಮಹಾಪ್ರವಾಹ ಅದನ್ನೂ ಕೊಚ್ಚಿಕೊಂಡು ಹೋಯಿತು.

ಪಂಜಾಬಿನ ಪಟಿಯಾಲಾ ಸಂಸ್ಥಾನದಲ್ಲಿ 1907ರಲ್ಲಿ ಆರಂಭವಾದ ಇದೇ ಬಗೆಯ ರೈಲನ್ನು ಹೇಸರಗತ್ತೆಗಳು ಎಳೆದವು, ಬಳಿಕ ಜರ್ಮನಿಯ ಉಗಿಯಂತ್ರಗಳೂ ಬಂದವು. ಮೋಟಾರು ಬಸ್ಸುಗಳ ಪೈಪೋಟಿಯ ಕಾಲದಲ್ಲಿ, 1927ರಲ್ಲಿ, ಅದು ನಿಂತುಹೋಯಿತು. ಮರೆತುಹೋಗಿ ಮೂಲೆಯಲ್ಲಿ ಬಿದ್ದಿದ್ದ ಆ ಯಂತ್ರವೊಂದನ್ನು ಅಭಿಮಾನಿಗಳು 1962ರಲ್ಲಿ ಪತ್ತೆಮಾಡಿದರು. ಅಮೃತಸರದ ರೈಲ್ವೆ ಕಾರ್ಯಾಗಾರದಲ್ಲಿ ಮತ್ತೆ ಜೀವ ಪಡೆದ ಅದು ಇಂದು ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದ ಹೆಮ್ಮೆ. ಅಭಿಮಾನಿಗಳ ಹರಟೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಆ ಯಂತ್ರ ಉಗಿಯಾಡುತ್ತಲೇ ಉತ್ತರ ಹೇಳುತ್ತದೆ.

ಮುಂಬಯಿ ಕಲಿಸಿದ ಪಾಠ

ಎತ್ತರದ ತೊಲೆಯ ಮೇಲೆ ಜನರನ್ನು ಹೊತ್ತು ಓಡುವ ಆಧುನಿಕ ಮಾನೊರೈಲು ಭಾರತದಲ್ಲಿ ಬಂದದ್ದು ಮುಂಬಯಿಗೆ. 2014ರ ಫೆಬ್ರುವರಿಯಲ್ಲಿ ಚೆಂಬೂರಿನಿಂದ ವಡಾಲಾವರೆಗೆ ಮೊದಲ ಭಾಗ ತೆರೆಯಿತು. 2019ರ ಮಾರ್ಚಿಯಲ್ಲಿ ಅದು ಜೇಕಬ್ ವೃತ್ತದವರೆಗೆ ಬೆಳೆದು ಸುಮಾರು ಇಪ್ಪತ್ತು ಕಿಲೋಮೀಟರಿನ ಮಾರ್ಗವಾಯಿತು. ಅದರ ನಿಲ್ದಾಣವೊಂದರ ಹೆಸರು 'ಮೈಸೂರು ಕಾಲೊನಿ' ಎಂಬುದು ಆ ನಗರದ ಕನ್ನಡಿಗರ ಕಿವಿಗೆ ಹಿತವಾದ ಸಂಗತಿ.

ದುರ್ದೈವವೆಂದರೆ ಆ ಹಿತವಾದ ಹೆಸರೇ ಅಹಿತದ ಸುದ್ದಿಗಳಿಗೂ ಗುರುತಾಯಿತು. 2017ರ ನವೆಂಬರಿನ ಒಂದು ನಸುಕಿನಲ್ಲಿ ಆ ನಿಲ್ದಾಣದಲ್ಲಿ ಖಾಲಿ ಗಾಡಿಯ ಎರಡು ಬೋಗಿಗಳು ಬೆಂಕಿಗೆ ಆಹುತಿಯಾದವು. ತಿಂಗಳುಗಟ್ಟಲೆ ಸಂಚಾರ ನಿಂತು, 2018ರ ಸೆಪ್ಟೆಂಬರಿನಲ್ಲಿ ಮತ್ತೆ ಮೊದಲಾಯಿತು. 2025ರ ಆಗಸ್ಟ್ 19ರಂದು ಭಾರಿ ಮಳೆಯಿಂದ ನಗರದ ರೈಲುಗಳು ಸ್ಥಗಿತವಾದಾಗ ಜನ ಮಾನೊರೈಲಿಗೆ ಮುಗಿಬಿದ್ದರು. ತಾಳಿಕೆಗೆ ಮೀರಿದ ಭಾರ ಹೊತ್ತ ಗಾಡಿ ಮೈಸೂರು ಕಾಲೊನಿಯ ಹತ್ತಿರ ನಡುದಾರಿಯಲ್ಲಿ ನಿಂತಿತು. ದೀಪವಿಲ್ಲ, ಗಾಳಿಯಿಲ್ಲ. ಅಗ್ನಿಶಾಮಕ ದಳದವರು ಏಣಿಗಳ ಮೂಲಕ ಐದುನೂರಕ್ಕೂ ಹೆಚ್ಚು ಜನರನ್ನು ಇಳಿಸಬೇಕಾಯಿತು. ಅದೇ ಸೆಪ್ಟೆಂಬರ್ 20ರಿಂದ ಹೊಸ ಗಾಡಿಗಳನ್ನೂ ಹೊಸ ಸಂಕೇತವ್ಯವಸ್ಥೆಯನ್ನೂ ಅಳವಡಿಸಲು ಸಂಚಾರವನ್ನು ತಡೆಹಿಡಿಯಲಾಯಿತು. ನವೆಂಬರಿನಲ್ಲಿ ಪರೀಕ್ಷೆಯ ಓಟದ ವೇಳೆ ಗಾಡಿಯೊಂದು ವಡಾಲಾದಲ್ಲಿ ಓರೆಯಾಗಿ ನಿಂತ ಚಿತ್ರವನ್ನು ನಾಡೆಲ್ಲ ಕಂಡಿತು.

ಹೊಸ ಗಾಡಿ ಕೊಂಡರಷ್ಟೇ ನವೀಕರಣವಾಗಲಿಲ್ಲ. ತೊಲೆ, ಸಂಕೇತ, ವಿದ್ಯುತ್ತು, ಸಿಬ್ಬಂದಿಯ ತರಬೇತಿ, ಅಪಾಯದಲ್ಲಿ ಇಳಿಯುವ ದಾರಿ, ಇವೆಲ್ಲವೂ ಗಾಡಿಯಷ್ಟೇ ಮುಖ್ಯ. ಉದ್ಘಾಟನೆಯ ದಿನ ಹಾರ ತುರಾಯಿಗಳಿಗೆ ಕೊರತೆಯಾಗುವುದಿಲ್ಲ. ಕೊರತೆಯಾಗುವುದು ಐದನೆಯ ವರ್ಷದ ಎಣ್ಣೆ ಮತ್ತು ಬೋಲ್ಟುಗಳಿಗೆ. ಟೋಕಿಯೋ ನಗರದ ಮಾನೊರೈಲು 1964ರಿಂದಲೂ, ಜರ್ಮನಿಯ ವುಪ್ಪರ್ಟಾಲಿನಲ್ಲಿ ಹಳಿಗೆ ತೂಗಿಕೊಂಡು ಓಡುವ ರೈಲು 1901ರಿಂದಲೂ ಜನರ ನಿತ್ಯದ ಒಡನಾಡಿಗಳಾಗಿ ಉಳಿದಿರುವುದರ ಗುಟ್ಟು ಬೇರೇನೂ ಅಲ್ಲ: ಅಲ್ಲಿ ಗಾಡಿಗಳನ್ನು ಕಾಲಕಾಲಕ್ಕೆ ಬದಲಿಸಿದ್ದಾರೆ, ಮಾರ್ಗವನ್ನು ಎಂದೂ ಕಡೆಗಣಿಸಿಲ್ಲ.

ತೇರಿನ ನ್ಯಾಯ

ಕೊಳ್ಳೇಗಾಲದ ಅಜ್ಜನಿಗೂ ಮೊಮ್ಮಗನಿಗೂ ನಡುವೆ ತೀರ್ಪು ಹೇಳಬೇಕಾದರೆ ಡಿಸ್ನಿಯ ತನಕ ಹೋಗಬೇಕಾಗಿಲ್ಲ. ಈ ಸೀಮೆಯವರು ರೈಲು ಕಾಣುವುದಕ್ಕೆ ಎಷ್ಟೋ ಮೊದಲೇ ತೇರನ್ನು ಕಂಡವರು. ನಿಗದಿಯಾದ ಹಾದಿಯಲ್ಲಿ ಸುತ್ತಿ ಹೊರಟಲ್ಲಿಗೇ ಮರಳುವ, ಊರೆಲ್ಲ ಕೂಡಿ ನೋಡಿ ಹಿಗ್ಗುವ ವಾಹನವೆಂದರೆ ತೇರೇ ಅಲ್ಲವೆ? ಚಾಮರಾಜನಗರದ ಚಾಮರಾಜೇಶ್ವರ ಸ್ವಾಮಿಯ ಆಷಾಢದ ರಥೋತ್ಸವಕ್ಕೆ ನವವಿವಾಹಿತರು ದೂರದೂರುಗಳಿಂದ ಬರುತ್ತಾರೆ. 2017ರಲ್ಲಿ ಆ ರಥ ಬೆಂಕಿಗೆ ತುತ್ತಾದಾಗ ಜಿಲ್ಲೆಯೇ ನೊಂದಿತು. ವರ್ಷಗಳ ಕಾಲ ತೇರಿಲ್ಲದ ಆಷಾಢ ಕಳೆದು, 2022ರಲ್ಲಿ ಹೊಸ ರಥ ಬೀದಿಗಿಳಿದಾಗ ಮರ ಹೊಸದು, ಕೆತ್ತನೆ ಹೊಸದು ಎಂದು ಯಾರೂ ದೂರಲಿಲ್ಲ. ಎಳೆಯುವ ಹಗ್ಗಕ್ಕೆ ಕೈ ಹಚ್ಚಿದೊಡನೆ ಅದು ಹಳೆಯ ತೇರೇ ಆಯಿತು.

ತಮಿಳುನಾಡಿನ ತಿರುವಾರೂರಿನ ಭಾರಿ ತೇರಿಗೆ ತಿರುಚಿರಾಪಳ್ಳಿಯ ಬಿ.ಎಚ್.ಇ.ಎಲ್. ಕಾರ್ಖಾನೆಯವರು ಉಕ್ಕಿನ ಚಕ್ರಗಳನ್ನೂ ದ್ರವದ ಒತ್ತಡದಿಂದ ಕೆಲಸಮಾಡುವ ಬ್ರೇಕುಗಳನ್ನೂ ಅಳವಡಿಸಿಕೊಟ್ಟರು. ದೇವರಿಗೆ ಬ್ರೇಕೇಕೆ ಎಂದು ನಕ್ಕವರೂ ಇದ್ದಿರಬಹುದು. ಚಕ್ರದ ಅಡಿಗೆ ಮರದ ಬೆಣೆ ಒಡ್ಡುತ್ತ ಪ್ರಾಣವನ್ನು ಕೈಯಲ್ಲಿ ಹಿಡಿದು ಓಡುವವರ ಮನೆಮಂದಿ ಮಾತ್ರ ನಗಲಾರರು. ಮೇಲಿನ ಅಲಂಕಾರ ಪರಂಪರೆಯದು, ಕೆಳಗಿನ ಬ್ರೇಕು ಇಂದಿನದು. ಪುಟ್ಟ ರೈಲಿಗೂ ಮಾನೊರೈಲಿಗೂ ಸಲ್ಲಬೇಕಾದ ನ್ಯಾಯ ಇದೇ. ಸಿಳ್ಳೆ ಉಳಿಯಲಿ, ಬಣ್ಣ ಉಳಿಯಲಿ, ಮಕ್ಕಳ ಕಣ್ಣಿಗೆ ಲೋಕ ಕಾಣಿಸುವ ಕಿಟಕಿ ಉಳಿಯಲಿ. ಬಾಗಿಲ ಚಿಲಕ, ಬ್ರೇಕು, ಹಳಿಯ ಮೊಳೆ ಮಾತ್ರ ಪ್ರತಿ ವರ್ಷವೂ ಹೊಸದಾಗಲಿ.

ಅಜ್ಜನ ಸಿಳ್ಳೆಗೂ ತಾಯಿಯ ಚಿಲಕಕ್ಕೂ ಒಂದೇ ಗಾಡಿಯಲ್ಲಿ ಜಾಗವಿದೆ ಎಂದು ಒಪ್ಪಂದವಾಗುವಷ್ಟರಲ್ಲಿ ಬಸ್ಸು ಮೂಗೂರನ್ನು ದಾಟಿರುತ್ತದೆ. ಹೊರಗೆ ಕತ್ತಲು. ದೂರದ ಹಳ್ಳಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ತಾಯಿಯ ತೊಡೆಯ ಮೇಲೆ ತಲೆಯಿಟ್ಟ ಹುಡುಗಿ ಅರೆನಿದ್ದೆಯಲ್ಲಿ ಕೇಳುತ್ತಾಳೆ: "ಆ ರೈಲು ನಮ್ಮೂರಿಗೆ ಯಾಕೆ ಬರುವುದಿಲ್ಲ?"

ತಂದೆ ತಾಯಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಈ ಪ್ರಶ್ನೆಯನ್ನು ಅವರೂ ಒಮ್ಮೆ ತಮ್ಮ ಹಿರಿಯರನ್ನು ಕೇಳಿದವರೇ. "ಬಂದೀತು ಮಗೂ" ಎನ್ನುತ್ತಾರೆ ಅಜ್ಜ. ಹುಡುಗಿ ಆಗಲೇ ನಿದ್ದೆ ಹೋಗಿರುತ್ತಾಳೆ. ಅವಳ ಮುಷ್ಟಿಯಲ್ಲಿ ಪುಟ್ಟ ರೈಲಿನ ಚೀಟಿ ಹಾಗೆಯೇ ಇರುತ್ತದೆ.